ಸತ್ತ ಯಂತ್ರದ ಹಸಿರು ದೀಪ

ಯಂತ್ರ ಸತ್ತುಹೋಗಿತ್ತು, ಅದರ ಹಸಿರು ದೀಪ ಮಾತ್ರ ಮಿಣುಕುತ್ತಲೇ ಇತ್ತು. ಇದನ್ನು ಕಣ್ಣಾರೆ ಕಂಡವಳು ನಾನು, ರೋಸಾಲ್ಬಾ ತೆಯ್ಗೆಲ್. ಪಿಲ್ಕೇ ದ್ವೀಪದ ದೋಣಿಕಟ್ಟೆಯಲ್ಲಿ ಮೂವತ್ತು ವರ್ಷದಿಂದ ಊಟದ ಮನೆ ನಡೆಸುತ್ತಿದ್ದೇನೆ. ಮಾಟಗಾರರ ಕತೆ, ಮಂಜಿನಲ್ಲಿ ದೀಪ ಹಚ್ಚಿಕೊಂಡು ತೇಲುವ ಸತ್ತವರ ಹಡಗಿನ ಕತೆ, ಎಲ್ಲ ಕೇಳಿಕೊಂಡೇ ಆಲೂಗಡ್ಡೆ ಸುಲಿದು ಬೆಳೆದವಳು. ಅಷ್ಟು ಸುಲಭಕ್ಕೆ ಹೆದರುವ ಜೀವವಲ್ಲ. ಆದರೆ ಆ ಶುಕ್ರವಾರ ಸಂಜೆ ಆರು ಗಂಟೆಗೆ ಸೂಪಿನ ಪಾತ್ರೆ ಹಿಡಿದು ಬಾಗಿಲಲ್ಲಿ ನಿಂತವಳು ಒಂದು ಹೆಜ್ಜೆ ಹಿಂದೆ ಸರಿದೆ.

ಸೂಪು ಕಾವಲುಗಾರ ನೊಲ್ಬೆರ್ತೊ ಚಿಗ್ವಾಯ್‌ಗೆ. ನಮ್ಮ ಸಂಘದ ಮರಿಮನೆ ಕಾಯುವವನು ಅವನೇ. ಚಿಪ್ಪುಮೀನಿನ ಮರಿಗಳನ್ನು ಅಲ್ಲಿ ತೊಟ್ಟಿಗಳಲ್ಲಿ ಸಾಕಿ, ಹಗ್ಗಕ್ಕೆ ಅಂಟಿಸಿ, ಆಮೇಲೆ ಕಡಲಿಗೆ ಇಳಿಸುತ್ತೇವೆ. ನಲವತ್ತು ಮನೆಗಳ ಒಂದು ವರ್ಷದ ಬದುಕು ಆ ತೊಟ್ಟಿಗಳಲ್ಲಿ ಇರುತ್ತದೆ.

ನಾನು ಹೋದಾಗ ಪಂಪಿನ ಕೋಣೆಯ ಬಾಗಿಲನ್ನು, ಅಲ್ಲಿನ ಯಂತ್ರ ನೋಡಿಕೊಳ್ಳುವ ಹುಡುಗಿ ಯಾಸ್ನಾ ಆಗತಾನೆ ತೆಗೆದಿದ್ದಳು. ಒಳಗಿಂದ ಬಂದ ವಾಸನೆಗೆ ನಾನು ಸೆರಗಿನಂತೆ ಶಾಲನ್ನು ಮೂಗಿಗೆ ಒತ್ತಿಕೊಂಡೆ. ಮರೆತು ಬಿಟ್ಟ ಬುಟ್ಟಿಯಲ್ಲಿ ಮಾರನೆಯ ದಿನ ಚಿಪ್ಪು ಬಾಯಿ ಬಿಟ್ಟಾಗ ಬರುತ್ತದಲ್ಲ, ಅದೇ ವಾಸನೆ. ಪಂಪಿನ ಸದ್ದಿಲ್ಲ. ತೊಟ್ಟಿಯ ನೀರು ನಿಂತುಹೋಗಿತ್ತು. ಗೋಡೆಯ ಮೇಲಿನ ಪೆಟ್ಟಿಗೆಯ ಪುಟ್ಟ ಪರದೆ ಕಪ್ಪಾಗಿತ್ತು. ಯಾಸ್ನಾ ಕೀಲಿಗಳನ್ನು ಒತ್ತಿದಳು, ಮತ್ತೆ ಒತ್ತಿದಳು, ಏನೂ ಇಲ್ಲ. ಆ ಕತ್ತಲಲ್ಲಿ ಹಸಿರು ದೀಪ ಮಾತ್ರ ಹತ್ತುತ್ತಿತ್ತು, ಆರುತ್ತಿತ್ತು, ಮತ್ತೆ ಹತ್ತುತ್ತಿತ್ತು.

"ಅಜ್ಜನ ಎದೆ!" ಎಂದು ಹಿಂದಿನಿಂದ ನೊಲ್ಬೆರ್ತೊ ಶಿಲುಬೆಯ ಗುರುತು ಹಾಕಿಕೊಂಡ. "ಯಂತ್ರ ಸತ್ರೂ ಅಜ್ಜನ ಎದೆ ಹೊಡ್ಕೊಳ್ತಾ ಇದೆ, ದೇವರೇ!"

ಅವನು ಹಾಗೆ ಅಂದದ್ದಕ್ಕೆ ಕಾರಣವಿದೆ. ಮರಿಮನೆ ಕಟ್ಟಿದವರು ಯಾಸ್ನಾಳ ಅಜ್ಜ ದೋನ್ ಬೆಲಿಸಾರಿಯೊ. ಹೋದ ವರ್ಷ ಅದೇ ಕೋಣೆಯಲ್ಲಿ, ಅದೇ ಗೋಡೆಗೆ ಒರಗಿಕೊಂಡು ಪ್ರಾಣ ಬಿಟ್ಟರು. ತಿಂಗಳೊಪ್ಪತ್ತಿನಲ್ಲಿ ಮೊಮ್ಮಗಳು ಅದೇ ಗೋಡೆಗೆ ಈ ಪೆಟ್ಟಿಗೆ ಹಾಕಿದಳು. ನೀರಿನ ಬಿಸಿ, ಗಾಳಿ ನೋಡಿಕೊಂಡು ಪಂಪು ನಡೆಸುವ, ತೊಂದರೆಯಾದರೆ ಸೈರನ್ ಕೂಗುವ ಯಂತ್ರ. ಅದರ ದೀಪ ಎದೆಯ ಹಾಗೆ ಬಡಿಯುವುದನ್ನು ಕಂಡು ಊರಿನವರು ಅಜ್ಜನ ಎದೆ ಎಂದು ಹೆಸರಿಟ್ಟರು. ತಮಾಷೆಗೆ ಇಟ್ಟ ಹೆಸರು. ಆ ಸಂಜೆ ಯಾರಿಗೂ ತಮಾಷೆ ಅನಿಸಲಿಲ್ಲ.

ಯಾಸ್ನಾ ಕಿರುಚಿ ಪೆಟ್ಟಿಗೆಯ ವೈರನ್ನೇ ಕಿತ್ತು ಎಳೆದಳು. ದೀಪ ಆರಿತು. ಅಷ್ಟರಲ್ಲಿ ಸಂಘದ ಅಧ್ಯಕ್ಷ ಗುಮೆರ್ಸಿಂದೊ ಒಯಾರ್ಸುನ್ ಬಂದು ತೊಟ್ಟಿಗೆ ಕೈಯಾಡಿಸಿ, ತಳದಿಂದ ಬೊಗಸೆ ತುಂಬ ಸತ್ತ ಮರಿ ಎತ್ತಿದ. ಅವನ ಹಿಂದೆಯೇ ಎಲ್ವಿರಾ ಮಾನ್ಸಿಯಾ ಬಂದಳು. ಮರಿಗಳಿಗೆ ಮೇವು ಹಾಕಿ, ತೊಟ್ಟಿ ತೊಳೆದು ಸಾಕುವವಳು ಅವಳೇ. ಯಾಸ್ನಾಳಿಗೆ ಧರ್ಮತಾಯಿ ಕೂಡ. ತಾಯಿಯಿಲ್ಲದ ಆ ಹುಡುಗಿಯನ್ನು ಎತ್ತಿ ಆಡಿಸಿದವಳು. ತೊಟ್ಟಿ ನೋಡಿ, ಬಿಳಿ ಮಚ್ಚೆಗಳು ಬಿದ್ದ ತನ್ನ ನೀಲಿ ಏಪ್ರನ್ನಿನಲ್ಲಿ ಮುಖ ಮುಚ್ಚಿಕೊಂಡು ಅಲ್ಲೇ ಕುಸಿದು ಕೂತಳು.

"ನೊಲ್ಬೆರ್ತೊ, ನೀನೇನು ನಿದ್ದೆ ಮಾಡ್ತಿದ್ಯಾ?" ಎಂದು ಗುಮೆರ್ಸಿಂದೊ ಗದರಿದ.

"ಇಲ್ಲ ಅಧ್ಯಕ್ಷರೇ! ಗಂಟೆಗೊಂದ್ಸಲ ಕಿಟಕಿಯಿಂದ ನೋಡಿದೀನಿ. ಒಂದಕ್ಕೆ, ಎರಡಕ್ಕೆ, ಐದಕ್ಕೂ. ಹಸಿರು ಮಿಣುಕ್ತಾನೇ ಇತ್ತು. ಪುಸ್ತಕದಲ್ಲಿ ಬರ್ದಿದೀನಿ ನೋಡಿ."

ಅದು ಅಲ್ಲಿನ ಪದ್ಧತಿ. ಹೊರಗಿನ ಬೂಟು ಒಳಗೆ ಬಂದರೆ ಮರಿಗಳಿಗೆ ರೋಗ ಬರುತ್ತದೆಂದು ಕಾವಲುಗಾರ ಒಳಗೆ ಕಾಲಿಡುವುದಿಲ್ಲ. ದಾರಿಯಲ್ಲೇ ನಿಂತು ದೀಪ ಮಿಣುಕುವುದನ್ನು ನೋಡಿ, 'ಬದುಕಿದೆ' ಎಂದು ಬರೆದು ಹೋಗುತ್ತಾನೆ.

ಗುಮೆರ್ಸಿಂದೊ ಯಾಸ್ನಾಳ ಕಡೆ ತಿರುಗಿದ. "ಹಾಗಾದ್ರೆ ನಿನ್ನ ದೀಪ ಸುಳ್ಳು ಹೇಳ್ತು. ಭಾನುವಾರ ಪೂಜೆ ಮುಗಿದ ಮೇಲೆ ಸಂಘದ ಸಭೆ. ಸೋಮವಾರದ ದೋಣೀಲಿ ನಿನ್ನ ಗಂಟುಮೂಟೆ ಇರುತ್ತೆ, ತಿಳೀತಾ?"

ಹುಡುಗಿ ಪೆಟ್ಟಿಗೆಯ ಕಾರ್ಡನ್ನು ತನ್ನ ಲ್ಯಾಪ್‌ಟಾಪಿಗೆ ಹಾಕಿ ಏನೋ ನೋಡಿ ಮುಚ್ಚಿದಳು. ನನಗೆ ರಕ್ತ ಕುದಿಯಿತು. ಸೂಪಿನ ಪಾತ್ರೆ ನೊಲ್ಬೆರ್ತೊ ಕೈಗೆ ತುರುಕಿ, ಅವಳ ರಟ್ಟೆ ಹಿಡಿದು ನೆಟ್ಟಗೆ ನನ್ನ ಮನೆಗೆ ಎಳೆದುಕೊಂಡು ಬಂದೆ. ಯಾಕೆಂದರೆ ನನ್ನ ಮನೆಯ ಮೇಲಿನ ಕೋಣೆಯಲ್ಲಿ ದೋನ್ ಎರಿಬೆರ್ತೊ ಬಾರ್ರಿಯಾ ಇರುತ್ತಾರೆ.

ಅವರು ಮೂವತ್ತೆರಡು ವರ್ಷ ದೀಪಸ್ತಂಭ ಕಾದವರು. ನಿವೃತ್ತಿಯಾದ ಮೇಲೆ ಆರು ತಿಂಗಳಿಗೆಂದು ನನ್ನಲ್ಲಿ ಬಾಡಿಗೆಗೆ ಬಂದು ಒಂಬತ್ತು ವರ್ಷ ಆಯಿತು. ಕಳುವಾದ ಹೋರಿ, ಚರ್ಚಿನಿಂದ ಕಾಣೆಯಾದ ಸಂತನ ಬೆಳ್ಳಿ ಕಿರೀಟ, ಒಬ್ಬ ವಿಧವೆಯ ವಿಷಪ್ರಾಶನ, ಎಲ್ಲವನ್ನೂ ನನ್ನ ಒಲೆಯ ಪಕ್ಕ ಕೂತೇ ಬಿಡಿಸಿದ್ದಾರೆ. ಸೌದೆ ಒಡೆಯಿರಿ ಅಂದರೆ ಮಾತ್ರ ಕಿವಿ ಕೇಳಿಸುವುದಿಲ್ಲ.

ನಾವು ಹೋದಾಗ ಅವರು ಎಂದಿನಂತೆ ಕಿಟಕಿಯ ಬಳಿ ಮಾತೆ ಎಂಬ ಎಲೆಯ ಕಷಾಯ ಹೀರುತ್ತಾ ಕೂತಿದ್ದರು. ಹೊರಗೆ ಮಂಜು ಸ್ವಲ್ಪ ಸರಿದು ಕಡಲಲ್ಲಿ ದೀಪಗಳು ಒಂದೊಂದಾಗಿ ಏಳುತ್ತಿದ್ದವು. ಪ್ರತಿ ಮನೆಯ ಚಿಪ್ಪಿನ ಸಾಲಿಗೂ ತುದಿಯಲ್ಲಿ ಒಂದು ತೇಲುಗುಂಡು, ಅದರ ಮೇಲೊಂದು ದೀಪ. ಎರಡು ಮನೆಯ ದೀಪ ಒಂದೇ ಥರ ಮಿಣುಕಬಾರದೆಂದು ಎಂಟು ವರ್ಷದ ಹಿಂದೆ ಒಬ್ಬೊಬ್ಬರಿಗೆ ಒಂದೊಂದು ಲಯ ಹಂಚಿಕೊಟ್ಟವರು ಇವರೇ. ಪ್ರತಿ ವರ್ಷ ಗುಂಡು ಇಳಿಸುವಾಗ ಎಷ್ಟು ಹೊತ್ತು ಉರಿಯಬೇಕು, ಎಷ್ಟು ಹೊತ್ತು ಆರಬೇಕು ಎಂಬ ಎರಡು ಅಂಕಿಗಳನ್ನು ಮನೆಯವರೇ ಒತ್ತಿ ಇಡುತ್ತಾರೆ.

"ಒಯಾರ್ಸುನ್ ಮನೆ, ಕಣ್ಣು ಹೊಡೆದಷ್ಟು ಬೆಳಕು, ಅಷ್ಟೇ ಕತ್ತಲು," ಎಂದು ಅವರು ತಮ್ಮಷ್ಟಕ್ಕೆ ಎಣಿಸುತ್ತಿದ್ದರು. "ಮಾನ್ಸಿಯಾ ಮನೆ, ಅರ್ಧ ಸೆಕೆಂಡು ಬೆಳಕು, ಎರಡೂವರೆ ಕತ್ತಲು. ಚಿಗ್ವಾಯ್ ಮನೆ, ಮೂರು ಬೆಳಕು, ಒಂದು ಕತ್ತಲು. ಏನಮ್ಮಾ ಯಾಸ್ನಾ, ಮುಖ ಯಾಕೆ ಹಾಗಾಗಿದೆ?"

ಅವಳು ಅಲ್ಲಿಯವರೆಗೆ ತಡೆದಿದ್ದ ಅಳು ಆಗ ಒಡೆಯಿತು. ನಾನು ಬಿಸಿ ಮಿಲ್ಕಾವೊ ರೊಟ್ಟಿ ಮುಂದಿಟ್ಟೆ. ಮುಟ್ಟಲಿಲ್ಲ.

"ದೋನ್ ಎರಿಬೆರ್ತೊ, ನಾನೇ ಕೊಂದ್ನೇನೋ ಅನ್ಸ್ತಿದೆ," ಎಂದಳು. "ಆ ದೀಪಕ್ಕೆ ಎಲ್ಲಾ ಇಟ್ಟವಳು ನಾನು. ಆ ಯಂತ್ರದ ಕರ್ನಲ್ ನಾನೇ ಕೂತು ಕಟ್ಟಿದ್ದು."

"ಕರ್ನಲ್ ಅಂದ್ರೆ ಏನು ಅಂತ ಮೊದ್ಲು ಈ ಮುದುಕನಿಗೆ ಹೇಳು."

"ಯಂತ್ರದೊಳಗಿನ ಮೇಸ್ತ್ರಿ ಅಂದ್ಕೊಳ್ಳಿ. ನೀರು ನೋಡೋ ಪ್ರೋಗ್ರಾಂ, ಸೈರನ್ ಕೂಗೋ ಪ್ರೋಗ್ರಾಂ, ಎಲ್ಲಾ ಅದರ ಕೈಕೆಳಗಿನ ಆಳುಗಳು. ಹಸಿರು ದೀಪಾನ ನಾನು ಆಳುಗಳಿಗೆ ಕೊಡ್ಲಿಲ್ಲ, ಮೇಸ್ತ್ರಿ ಕೈಗೇ ಕೊಟ್ಟೆ. ಮೇಸ್ತ್ರಿ ಬದುಕಿರೋ ತನಕ ಅದು ಎದೆ ಬಡಿದ ಹಾಗೆ ಬಡೀತಿರುತ್ತೆ. ಡಬ್-ಡಬ್, ಒಂದು ವಿರಾಮ, ಮತ್ತೆ ಡಬ್-ಡಬ್. ಕೆಲಸ ಜಾಸ್ತಿಯಾದ್ರೆ ಜೋರಾಗುತ್ತೆ."

"ಮೇಸ್ತ್ರಿ ಸತ್ರೆ?"

"ನಿಲ್ಬೇಕು. ನಿಲ್ಲಲಿಲ್ಲ!" ಎಂದು ಅವಳು ಕಣ್ಣೊರೆಸಿಕೊಂಡಳು. "ಯಂತ್ರ ತಾನು ಮಾಡಿದ್ದನ್ನೆಲ್ಲ ಬರ್ಕೊಳ್ತಾ ಹೋಗುತ್ತೆ. ಈಗ ಅದನ್ನ ನನ್ನ ಲ್ಯಾಪ್‌ಟಾಪಲ್ಲಿ ಹಾಕಿ ನೋಡ್ದೆ. ಮಧ್ಯಾಹ್ನ ಹನ್ನೆರಡು ನಲವತ್ತಕ್ಕೆ ಬರಹ ಮುಗಿದಿದೆ. ಕೆಟ್ಟು ಬಿದ್ದದ್ದಲ್ಲ. ಆಳುಗಳನ್ನೆಲ್ಲ ಒಬ್ಬೊಬ್ಬರನ್ನೇ ಕಳಿಸಿ, ಕೊನೆಗೆ ಮೇಸ್ತ್ರಿ ತಾನೂ ಮಲಗಿದಾನೆ. ಯಾರೋ ಕೀಲಿ ಒತ್ತಿ ಮಲಗಿಸಿದಾರೆ. ಇದನ್ನ ಹೇಳಿದ್ರೆ ಗುಮೆರ್ಸಿಂದೊ ಏನಂತಾರೆ ಗೊತ್ತಾ? ಕೀಲಿ ಒತ್ತೋದು ನಿನಗಲ್ದೆ ಯಾರಿಗೆ ಗೊತ್ತು ಅಂತಾರೆ. ಮಧ್ಯಾಹ್ನವಿಡೀ ನಾನು ಶಾಲೆಯ ಆಂಟೆನಾ ಹತ್ತಿ ಕೂತಿದ್ದೆ, ಒಬ್ಳೇ. ಆ ಮಂಜಲ್ಲಿ ನನ್ನನ್ನ ಯಾರು ನೋಡ್ತಾರೆ?"

"ಮೇಸ್ತ್ರಿ ಮಲಗಿದ ಮೇಲೆ ದೀಪ ಮಿಣುಕಿಸಿದ್ದು ಯಾರಮ್ಮ ಹಾಗಾದ್ರೆ?"

ಯಾಸ್ನಾ ತಲೆ ತಗ್ಗಿಸಿದಳು. "ಅದೇ ನನ್ನ ತಪ್ಪು. ದೀಪಕ್ಕೆ ಅಂತಾನೇ ಒಂದು ಪುಟ್ಟ ಚಿಪ್ ಇದೆ. ಎದೆಬಡಿತದ ಬದಲು ಟೈಮರ್ ಅಂತ ಇಟ್ಟು, ಉರಿಯೋದಕ್ಕೆ ಒಂದು ಅಂಕಿ, ಆರೋದಕ್ಕೆ ಒಂದು ಅಂಕಿ ಕೊಟ್ರೆ, ಮೇಸ್ತ್ರಿ ಆ ಕೆಲಸಾನ ಚಿಪ್‌ಗೆ ಒಪ್ಪಿಸಿ ಕೈ ತೊಳ್ಕೊಳ್ತಾನೆ. ಆಮೇಲೆ ಮೇಸ್ತ್ರಿ ಸತ್ರೂ, ಕರೆಂಟ್ ಇರೋ ತನಕ ಚಿಪ್ ತಾನೇ ಮಿಣುಕಿಸುತ್ತೆ. ಚಿಪ್‌ಗೆ ಆ ಅಧಿಕಾರ ಕೊಡೋ ಸಾಲು ಬರೆದವಳು ನಾನು. ಮೊದಲನೇ ಸಲ ಮದ್ರೀನಾ ಮನೇಲಿ ಮೇಜಿನ ಮೇಲಿಟ್ಟು ಪರೀಕ್ಷೆ ಮಾಡ್ತಿದ್ದಾಗ ಹಾಗೇ ಆಯ್ತು. ಯಂತ್ರ ಮಲಗಿತ್ತು, ದೀಪ ಮಿಣುಕ್ತಿತ್ತು."

ಮದ್ರೀನಾ ಎಂದರೆ ಅವಳ ಧರ್ಮತಾಯಿ ಎಲ್ವಿರಾ. ಆ ದಿನ ನನಗೂ ನೆನಪಿದೆ. ಗುಂಡಿಯಲ್ಲಿ ಕಾದ ಕಲ್ಲಿನ ಮೇಲೆ ಚಿಪ್ಪು, ಮಾಂಸ ಬೇಯಿಸಿ ಕುರಾಂತೊ ಮಾಡಿದ್ದೆವು. ಗುಮೆರ್ಸಿಂದೊ, ನೊಲ್ಬೆರ್ತೊ, ನಾನು ಎಲ್ಲರೂ ಮೇಜಿನ ಸುತ್ತ ನಿಂತು ನಕ್ಕಿದ್ದೆವು. "ಸತ್ತ ಮೇಲೂ ಕಣ್ಣು ಹೊಡೀತಿದೆ, ನಮ್ಮ ಗುಮೆರ್ಸಿಂದೊ ಥರ," ಎಂದು ಎಲ್ವಿರಾಳೇ ಛೇಡಿಸಿದ್ದಳು.

"ಟೈಮರ್ ಇಡೋದು ಹೇಗೆ ಅಂತ ಬೇರೆಯವರಿಗೆ ಗೊತ್ತಾ?"

"ಪೆಟ್ಟಿಗೆ ಬಾಗಿಲಿಗೆ ಕಾಗದ ಅಂಟಿಸಿದೀನಿ. ದೀಪ ಸುಟ್ಟಿದೆಯೋ ನೋಡೋದು ಹೇಗೆ, ಯಂತ್ರ ಮಲಗಿಸೋದು ಹೇಗೆ, ಎಲ್ಲಾ ಅದ್ರಲ್ಲಿದೆ. ಓದು ಬಂದ್ರೆ ಸಾಕು."

"ಇವತ್ತು ಕೊಟ್ಟ ಆ ಎರಡು ಅಂಕಿ ಯಾವುದು ಅಂತ ಯಂತ್ರ ಬರ್ಕೊಂಡಿರುತ್ತಾ?"

"ಇಲ್ಲ. ಕರೆಂಟ್ ಇರೋ ತನಕ ಇರ್ತವೆ, ಹೋದ್ರೆ ಹೋದ್ವು. ವೈರ್ ಕಿತ್ತವಳು ನಾನೇ ಅಲ್ವಾ!" ಎಂದು ಅವಳು ತಲೆ ಚಚ್ಚಿಕೊಂಡಳು.

ದೋನ್ ಎರಿಬೆರ್ತೊ ನನ್ನ ಕಡೆ ನೋಡಿದರು. "ರೋಸಾಲ್ಬಾ, ನೀನೂ ಆ ದೀಪ ನೋಡಿದ್ಯಲ್ಲ. ಎರಡು ಸಲ ಬಡೀತಿತ್ತಾ, ಒಂದು ಸಲಾನಾ?"

"ನಾನು ಹೆದರಿ ಸಾಯ್ತಿದ್ದೆ ಕಣ್ರೀ, ಎಣಿಸ್ಕೊಂಡು ಕೂತಿದ್ನಾ? ಆ ವಾಸನೇಲಿ ನಿಂತಿದ್ದೇ ಹೆಚ್ಚು."

"ಎಂಥ ವಾಸನೆ?"

ನಾನು ಹೇಳಿದೆ. ಅವರು ಕಷಾಯದ ಬಟ್ಟಲು ಕೆಳಗಿಟ್ಟರು. ಆಮೇಲೆ ಯಾಸ್ನಾಳಿಗೆ, "ರೊಟ್ಟಿ ತಿನ್ನಮ್ಮಾ, ಈ ಹೆಂಗಸಿಗೆ ಸಿಟ್ಟು ಬಂದ್ರೆ ನನಗೆ ಊಟ ಇಲ್ಲ," ಎಂದರು.

ಶನಿವಾರ ಬೆಳಿಗ್ಗೆ ಮಂಜು ನೆಲಕ್ಕೇ ಇಳಿದಿತ್ತು. ನಾವಿಬ್ಬರೂ ಮರಿಮನೆಗೆ ಹೋದೆವು. ದಾರಿಯಲ್ಲಿ ಎದುರಾದ ಹೆಂಗಸರು ಬಾಗಿಲಿಗೆ ಉಪ್ಪು ಚೆಲ್ಲುತ್ತಿದ್ದರು. ಅಜ್ಜ ಸಿಟ್ಟಾಗಿ ಮರಿಗಳನ್ನು ತನ್ನ ಜೊತೆ ಕರೆದುಕೊಂಡು ಹೋದನೆಂದು ಆಗಲೇ ಸುದ್ದಿ. ಪಂಪಿನ ಕೋಣೆಯ ಕಿಟಕಿ ಹೊರಗಿನಿಂದ ಬರೀ ಮಸುಕು ಚೌಕವಾಗಿ ಕಾಣುತ್ತಿತ್ತು. ಒಳಗೆ ಯಾರೋ ನಿಂತ ಹಾಗೆ ಕಂಡು ನಾನು ದೋನ್ ಎರಿಬೆರ್ತೊ ಅವರ ತೋಳು ಹಿಡಿದುಕೊಂಡೆ.

ನಿಂತಿದ್ದವಳು ಎಲ್ವಿರಾ. ಸತ್ತ ಮರಿಗಳನ್ನು ಬಕೆಟ್ಟಿಗೆ ತುಂಬುತ್ತಿದ್ದಳು. ರಾತ್ರಿಯಿಡೀ ನಿದ್ದೆ ಮಾಡಿರಲಿಲ್ಲ ಎಂದು ಮುಖವೇ ಹೇಳುತ್ತಿತ್ತು.

"ನಿನ್ನೆ ಮಧ್ಯಾಹ್ನ ಎಲ್ಲಿದ್ದೆ ಎಲ್ವಿರಾ?" ಎಂದು ದೋನ್ ಎರಿಬೆರ್ತೊ ಮೆಲ್ಲಗೆ ಕೇಳಿದರು.

"ಹನ್ನೆರಡಕ್ಕೆ ಮೇವು ಹಾಕಿ ಮನೆಗೆ ಹೋದೆ. ಆಗ ಮರಿಗಳು ಚೆನ್ನಾಗೇ ಇದ್ವು," ಎಂದಳು. ಬಕೆಟ್ಟಿನಿಂದ ಕಣ್ಣೆತ್ತಲಿಲ್ಲ. "ಹುಡುಗೀನ ಯಾಕೆ ಅಂತಾರೋ ಗೊತ್ತಿಲ್ಲ ದೋನ್ ಎರಿಬೆರ್ತೊ. ಯಂತ್ರ ತಾನೇ ಕೆಟ್ಟಿದ್ದು? ಯಂತ್ರಕ್ಕೇನು ಮಾನ ಮರ್ಯಾದೆ ಹೋಗುತ್ತಾ? ಅದನ್ನ ಬೈದು ಸುಮ್ನಾಗ್ಬಾರ್ದಾ?"

ಗುಮೆರ್ಸಿಂದೊ ತನ್ನ ದೋಣಿ ಕೀಸುತ್ತಿದ್ದ. ಹಿಂದಿನ ದಿನ ಮಧ್ಯಾಹ್ನ ಒಬ್ಬನೇ ಕಡಲಲ್ಲಿದ್ದೆ ಎಂದ. ನೋಡಿದವರು ಯಾರೂ ಇಲ್ಲ. "ಈ ಪೆಟ್ಟಿಗೆ ಬೇಡ ಅಂತ ಮೊದ್ಲ ದಿನದಿಂದ ಬಡ್ಕೊಂಡೆ," ಎಂದು ಗುಡುಗಿದ. "ಈಗ ನನ್ನ ಮಾತು ನಿಜ ಆಯ್ತಲ್ಲ!" ಅವನ ದನಿಯಲ್ಲಿ ದುಃಖಕ್ಕಿಂತ ಖುಷಿಯೇ ಹೆಚ್ಚಿತ್ತು. ಇವನೇ ಮಾಡಿದ್ದು ಎಂದು ನಾನು ಅಲ್ಲೇ ತೀರ್ಮಾನ ಮಾಡಿಬಿಟ್ಟೆ.

ಮಧ್ಯಾಹ್ನ ನೊಲ್ಬೆರ್ತೊ ನಮ್ಮಲ್ಲಿ ಊಟಕ್ಕೆ ಬಂದ. ಅವನು ಹಬ್ಬಗಳಲ್ಲಿ ಚರ್ಚಿನ ಮುಂದೆ ಡೋಲು ಬಾರಿಸುವವನು. ದೋನ್ ಎರಿಬೆರ್ತೊ ಅವನಿಗೊಂದು ಲೋಟ ಸೇಬಿನ ಚೀಚಾ ಸುರಿದು, "ನೊಲ್ಬೆರ್ತೊ, ಕಣ್ಣು ಮುಚ್ಕೊ. ನಿನ್ನೆ ಮಂಜಲ್ಲಿ ನಿಂತು ನೋಡಿದ ದೀಪಾನ ಈ ಮೇಜಿನ ಮೇಲೆ ಬಾರಿಸು," ಎಂದರು.

"ದೀಪಾನ ಬಾರ್ಸೋದಾ? ಚೀಚಾ ನಾನಿನ್ನೂ ಕುಡಿದಿಲ್ಲ, ನಿಮಗೇ ಏರಿದ್ಯಾ?"

"ಬಾರಿಸಯ್ಯಾ."

ಅವನು ಕಣ್ಣು ಮುಚ್ಚಿದ. ಬೆರಳು ಮೇಜಿನ ಮೇಲೆ ಒಮ್ಮೆ ಬಿದ್ದು, ಬೆಳಕಿದ್ದಷ್ಟು ಹೊತ್ತು ಒತ್ತಿ ನಿಂತು, ಎದ್ದಿತು. ನಾನು ಸೂಪಿನಲ್ಲಿ ಸೌಟು ನಿಧಾನ ಎರಡು ಸುತ್ತು ತಿರುಗಿಸಿದೆ, ಆಮೇಲೆ ಬೆರಳು ಮತ್ತೊಮ್ಮೆ ಬಿತ್ತು. ಮತ್ತೆ ಎರಡು ಸುತ್ತು. ಮತ್ತೊಮ್ಮೆ. ಜೋರಾಗಲಿಲ್ಲ, ನಿಧಾನವೂ ಆಗಲಿಲ್ಲ. ನೊಲ್ಬೆರ್ತೊ ಕಣ್ಣು ಬಿಟ್ಟ. ಮುಖ ಬಿಳಿಚಿಕೊಂಡಿತ್ತು.

"ಇದು ಅಜ್ಜನ ಎದೆ ಅಲ್ಲ," ಎಂದ. "ಅದು ಎರಡೆರಡು ಬಡೀತಿತ್ತು. ಇದ್ಯಾಕೆ ನನಗೆ ನಿನ್ನೆ ಗೊತ್ತಾಗ್ಲಿಲ್ಲ?"

"ಹಸಿರಿದ್ಯಾ, ಮಿಣುಕುತ್ತಾ ಅಂತ ಮಾತ್ರ ನೋಡು ಅಂತ ನಿನಗೆ ಹೇಳಿದ್ರು. ಅದನ್ನೇ ನೋಡಿದೆ," ಎಂದರು ದೋನ್ ಎರಿಬೆರ್ತೊ. ಅವರ ದನಿ ಇಳಿದಿತ್ತು. ಕಿಟಕಿಯಾಚೆ ಏನೂ ಕಾಣದಿದ್ದರೂ ಅತ್ತಲೇ ನೋಡುತ್ತಾ ಕೂತರು. ಯಾರೆಂದು ಗೊತ್ತಾಯಿತೇ ಎಂದು ನಾನು ಕೇಳಿದ್ದಕ್ಕೆ, "ಗೊತ್ತಾಗದೇ ಇದ್ದಿದ್ರೆ ಚೆನ್ನಾಗಿತ್ತು," ಎಂದರು. ಅವತ್ತು ಹೇಳದೆಯೇ ಹಿತ್ತಲಿಗೆ ಹೋಗಿ ಸೌದೆ ಒಡೆದರು. ಅದನ್ನು ಕಂಡ ಮೇಲೆ ನನಗೆ ನಿಜವಾಗಿ ಭಯವಾಯಿತು.

ಭಾನುವಾರ ಪೂಜೆ ಮುಗಿದ ಮೇಲೆ ಸಂಘದ ಕೊಟ್ಟಿಗೆಯಲ್ಲಿ ನಲವತ್ತು ಮನೆಯವರೂ ಸೇರಿದರು. ಯಾಸ್ನಾ ಒಂದು ಮೂಲೆಯಲ್ಲಿ ಕೂತಿದ್ದಳು. ಅವಳ ಅಕ್ಕಪಕ್ಕದ ಬೆಂಚು ಖಾಲಿ. ಎಲ್ವಿರಾ ಎದ್ದುಹೋಗಿ ಅವಳ ಪಕ್ಕ ಕೂತಳು, ಅವಳ ಕೈ ಹಿಡಿದುಕೊಂಡಳು.

ಗುಮೆರ್ಸಿಂದೊ ಮಾತು ಶುರು ಮಾಡುವ ಮೊದಲೇ ದೋನ್ ಎರಿಬೆರ್ತೊ ಎದ್ದರು. "ಅಧ್ಯಕ್ಷರೇ, ಕಾಲು ಗಂಟೆ ಕೊಡಿ. ಆಮೇಲೆ ಯಾರನ್ನ ಬೇಕಾದ್ರೂ ದೋಣಿ ಹತ್ತಿಸಿ."

"ಹೇಳಿ, ಹೇಳಿ. ಅಜ್ಜನ ದೆವ್ವಾನ ಹಿಡ್ಕೊಂಡು ಬಂದಿದ್ದೀರೇನೋ," ಎಂದು ಅವನು ಕುಟುಕಿದ. ಯಾರೂ ನಗಲಿಲ್ಲ.

"ಮೊದಲನೇದು, ಮರಿಗಳು ಯಾವಾಗ ಸತ್ತವು?" ಎಂದು ಅವರು ಶುರು ಮಾಡಿದರು. "ಪಂಪು ನಿಂತದ್ದು ಶುಕ್ರವಾರ ಹನ್ನೆರಡು ನಲವತ್ತಕ್ಕೆ. ಬಾಗಿಲು ತೆಗೆದದ್ದು ಆರಕ್ಕೆ. ಐದೂ ಚಿಲ್ಲರೆ ಗಂಟೆ. ಈ ಚಳಿಯಲ್ಲಿ, ತಣ್ಣೀರಲ್ಲಿ, ಅಷ್ಟು ಹೊತ್ತಿಗೆ ಚಿಪ್ಪು ನಾರುತ್ತಾ? ರೋಸಾಲ್ಬಾ, ನೀನು ಹೇಳು."

"ಎಲ್ಲಾದ್ರೂ ಉಂಟಾ!" ಎಂದೆ. "ಅದು ಒಂದೂವರೆ ದಿನದ ವಾಸನೆ. ಮೂವತ್ತು ವರ್ಷ ಚಿಪ್ಪು ಬೇಯ್ಸಿದ ಮೂಗು ನನ್ನದು." ಹೇಳಿದ ಮೇಲೇ ಅದರ ಅರ್ಥ ನನಗೆ ಹೊಳೆಯಿತು.

"ಅಂದ್ರೆ ಮರಿಗಳು ಗುರುವಾರವೇ ಸತ್ತಿದ್ವು. ಯಂತ್ರ ಅವನ್ನ ಕೊಲ್ಲಲಿಲ್ಲ. ಸತ್ತ ಮೇಲೆ ಯಂತ್ರಾನ ಯಾರೋ ಮಲಗಿಸಿದ್ರು, ತಪ್ಪು ಅದರ ತಲೆ ಮೇಲೆ ಬರಲಿ ಅಂತ. ಉಸಿರು ಕಟ್ಟಿ ಸತ್ತವು ಅಂತ ನಂಬಿಸ್ಬೇಕಾದ್ರೆ ಪಂಪು ಕೆಲವು ಗಂಟೆ ನಿಂತಿರ್ಬೇಕು. ಅಲ್ಲೀ ತನಕ ನೊಲ್ಬೆರ್ತೊ ಒಳಗೆ ಓಡಿ ಬರಬಾರದು. ಅದಕ್ಕೇ ದೀಪ ಮಿಣುಕ್ತಾ ಇರ್ಬೇಕಿತ್ತು."

"ಹಾಗಾದ್ರೆ ಅದನ್ನ ಮಾಡೋಕೆ ಬರೋದು ಈ ಹುಡುಗಿಗೆ ತಾನೇ!" ಎಂದು ಗುಮೆರ್ಸಿಂದೊ ಎದ್ದು ನಿಂತ.

"ಕೂತ್ಕೊಳ್ಳಿ. ಮಾಡಿದವರು ಈ ಹುಡುಗಿ ಅಲ್ಲ ಅನ್ನೋದಕ್ಕೆ ಆ ಸುಳ್ಳು ದೀಪವೇ ಸಾಕ್ಷಿ. ಹಸಿರು ದೀಪ ಮೇಸ್ತ್ರಿದು, ಆಳುಗಳದ್ದಲ್ಲ. ಯಾಸ್ನಾಗೆ ಅದು ಚೆನ್ನಾಗಿ ಗೊತ್ತು. ಅವಳಾಗಿದ್ರೆ ಪಂಪು ನಡೆಸೋ ಆಳನ್ನ, ಸೈರನ್ ಕೂಗೋ ಆಳನ್ನ ಮಾತ್ರ ಮನೆಗೆ ಕಳಿಸಿ ಸುಮ್ನಾಗ್ತಿದ್ಳು. ಮೇಸ್ತ್ರಿ ಬದುಕಿರ್ತಿದ್ದ, ದೀಪ ನಿಜವಾದ ಎದೆಬಡಿತಾನೇ ಬಡೀತಿತ್ತು. ಯಾರಿಗೂ ಅನುಮಾನ ಬರ್ತಿರ್ಲಿಲ್ಲ. ಗೊತ್ತಿದ್ದವಳಿಗೆ ಸುಳ್ಳು ದೀಪ ಬೇಕಾಗೇ ಇರ್ಲಿಲ್ಲ. ಮಾಡಿದವರು ನಮ್ಮ ಹಾಗೇ, ದೀಪ ಅಂದ್ರೆ ಇಡೀ ಯಂತ್ರ ಅಂತ ನಂಬಿದವರು. ಕುರಾಂತೊ ದಿನ ಕಂಡದ್ದನ್ನ ನೆನೆದು, ಕಾಗದ ನೋಡ್ಕೊಂಡು ಮೊದ್ಲು ಟೈಮರ್ ಇಟ್ರು, ಆಮೇಲೆ ಯಂತ್ರಾನ ಪೂರ್ತಿ ಮಲಗಿಸಿದ್ರು."

ಯಾಸ್ನಾ ತಲೆಯೆತ್ತಿದಳು. ಎರಡು ದಿನದಲ್ಲಿ ಮೊದಲ ಬಾರಿಗೆ ಅವಳ ಮುಖಕ್ಕೆ ರಕ್ತ ಬಂತು.

"ಟೈಮರ್ ಎರಡು ಅಂಕಿ ಕೇಳುತ್ತೆ," ಎಂದು ದೋನ್ ಎರಿಬೆರ್ತೊ ಮುಂದುವರಿಸಿದರು. "ಎಷ್ಟು ಹೊತ್ತು ಬೆಳಕು, ಎಷ್ಟು ಹೊತ್ತು ಕತ್ತಲು. ಗಾಬರೀಲಿ, ನಡುಗೋ ಕೈಲಿ, ಮನುಷ್ಯ ಯಾವ ಅಂಕಿ ಒತ್ತುತ್ತಾನೆ? ಕಿಟಕಿ ಮುಚ್ಚಿ."

ಕಿಟಕಿ ಮುಚ್ಚಿದರು. ಹಾಡುಹಗಲಲ್ಲೇ ಕೊಟ್ಟಿಗೆ ಕತ್ತಲಾಯಿತು. ಯಾಸ್ನಾಳ ಪೆಟ್ಟಿಗೆ ಮೇಜಿನ ಮೇಲಿತ್ತು. ನೊಲ್ಬೆರ್ತೊ ಮುಂದೆ ಬಂದು ಮತ್ತೆ ಬಾರಿಸಿದ. ಯಾಸ್ನಾ ಗಡಿಯಾರ ಹಿಡಿದು ಅಳೆದಳು, ಅಂಕಿ ಒತ್ತಿದಳು, ಆಮೇಲೆ ಯಂತ್ರವನ್ನು ಮಲಗಿಸಿದಳು. ಪರದೆ ಆರಿತು. ಸತ್ತ ಯಂತ್ರದ ಮೇಲೆ ಹಸಿರು ದೀಪ ಹತ್ತಿತು, ಆರಿತು. ನಲವತ್ತು ಮನೆಯವರು ಉಸಿರು ಬಿಗಿಹಿಡಿದು ಕೂತಿದ್ದರು. ಕತ್ತಲು ಉದ್ದವಾಗಿತ್ತು. ಮತ್ತೆ ಹತ್ತಿತು.

"ಇದನ್ನ ಹಸಿರು ಅಂದ್ಕೋಬೇಡಿ, ಬಿಳಿ ಅಂದ್ಕೊಳ್ಳಿ," ಎಂದರು ದೋನ್ ಎರಿಬೆರ್ತೊ. "ಕಡಲ ಮೇಲಿದೆ ಅಂದ್ಕೊಳ್ಳಿ. ನೀವೀಗ ದೋಣೀಲಿ ಮನೆಗೆ ಬರ್ತಿದ್ದೀರಿ. ಇದು ಯಾರ ಮನೆ ದೀಪ?"

ಕತ್ತಲಲ್ಲಿ ಒಬ್ಬಳು ಮುದುಕಿ ಮೊದಲು ಹೇಳಿದಳು, ಆಮೇಲೆ ನಾಲ್ಕೈದು ದನಿ ಒಟ್ಟಿಗೆ. "ಮಾನ್ಸಿಯಾ ಮನೆದು!"

ಕಿಟಕಿ ತೆಗೆದಾಗ ಎಲ್ವಿರಾ ಇನ್ನೂ ಆ ಬೆಂಚಿನ ಮೇಲೇ ಇದ್ದಳು. ಕೈ ಮಾತ್ರ ಖಾಲಿಯಾಗಿತ್ತು.

"ಎಂಟು ವರ್ಷ ನಿನ್ನ ತೇಲುಗುಂಡಿನ ದೀಪಕ್ಕೆ ಇದೇ ಎರಡು ಅಂಕಿ ಒತ್ತಿದ್ದೀಯ ಎಲ್ವಿರಾ," ಎಂದರು ದೋನ್ ಎರಿಬೆರ್ತೊ. "ಮಿಲಿಸೆಕೆಂಡ್ ಲೆಕ್ಕದಲ್ಲಿ ಐನೂರು, ಎರಡು ಸಾವಿರದ ಐನೂರು. ನಿನಗೆ ಗೊತ್ತಿದ್ದ ಅಂಕಿ ಅವೇ. ಕೈ ತಾನೇ ಒತ್ತಿತು. ನಿನ್ನ ನೀಲಿ ಏಪ್ರನ್ ಮೇಲೆ ಬಿಳಿ ಮಚ್ಚೆ ಇತ್ತು ಅಂತ ರೋಸಾಲ್ಬಾ ಹೇಳಿದ್ಳು. ಬ್ಲೀಚಿಂಗ್ ನೀರು ಬಿದ್ರೆ ಹಾಗಾಗುತ್ತೆ. ಗುರುವಾರ ತೊಟ್ಟಿ ತೊಳೆದೆ, ಅಲ್ವಾ?"

ಎಲ್ವಿರಾ ಎದ್ದು ನಿಂತಳು. ಅಳಲಿಲ್ಲ.

"ಬ್ಲೀಚ್ ಹಾಕಿ ತೊಳೆದ ಮೇಲೆ ಎರಡು ಸಲ ಸಿಹಿನೀರು ಬಿಡ್ಬೇಕು," ಎಂದಳು. "ಇಪ್ಪತ್ತು ವರ್ಷ ಬಿಟ್ಟಿದೀನಿ. ಗುರುವಾರ ಬಿಟ್ಟೆ ಅಂದ್ಕೊಂಡೆ, ಬಿಟ್ಟಿರ್ಲಿಲ್ಲ. ಈಚೆಗೆ ಮರೆವು ಬರ್ತಿದೆ. ಒಲೆ ಮೇಲೆ ಇಟ್ಟದ್ದು ಮರೀತೀನಿ, ಹೆಸರು ಮರೀತೀನಿ. ಯಾರಿಗೂ ಹೇಳಿರ್ಲಿಲ್ಲ. ಯಂತ್ರ ಬಿಸಿ ನೋಡುತ್ತೆ, ಗಾಳಿ ನೋಡುತ್ತೆ, ಬ್ಲೀಚ್ ನೋಡಲ್ಲ, ಅದಕ್ಕೇ ಕೂಗ್ಲಿಲ್ಲ. ಶುಕ್ರವಾರ ಬೆಳಿಗ್ಗೆ ನೋಡಿದ್ರೆ ಎಲ್ಲಾ ತಳ ಸೇರಿದ್ವು. ಮುದುಕಿಗೆ ತಲೆ ಕೆಟ್ಟಿದೆ ಅಂತ ಮರಿಮನೆಯಿಂದ ಆಚೆ ಹಾಕ್ತೀರಿ ಅಂತ ಹೆದರಿಬಿಟ್ಟೆ. ಯಂತ್ರ ಕೆಟ್ಟೋಯ್ತು ಅಂತೀರಿ, ಅದನ್ನ ಬೈತೀರಿ, ಅಷ್ಟೇ ಅಂದ್ಕೊಂಡೆ. ಮಗೂನ ಅಂತೀರಿ ಅಂತ..."

"ಅಂದ್ರಲ್ಲ ಮದ್ರೀನಾ," ಎಂದಳು ಯಾಸ್ನಾ. "ಎರಡು ದಿನ ಅಂದ್ರು. ನಾನೇ ಕೊಂದೆ ಅಂತ ನಾನೇ ನಂಬಿದ್ದೆ. ನೀನು ನನ್ನ ಕೈ ಹಿಡ್ಕೊಂಡು ಕೂತಿದ್ದೆ."

ಪೆಟ್ಟಿಗೆ ಎತ್ತಿಕೊಂಡು ಅವಳು ಹೊರಟುಹೋದಳು. ಗುಮೆರ್ಸಿಂದೊ ಬಾಯಿ ತೆರೆದ, ನಾನು ಅವನನ್ನು ಒಮ್ಮೆ ನೋಡಿದೆ, ಮುಚ್ಚಿದ. ಆ ಮಟ್ಟಿಗೆ ಅವನಿಗೂ ಬುದ್ಧಿಯಿದೆ.

ಸಂಘ ಯಾಸ್ನಾಳ ಕ್ಷಮೆ ಕೇಳಿತು. ಹಸಿರು ದೀಪವನ್ನು ಅವಳು ಮೇಸ್ತ್ರಿಯ ಕೈಯಿಂದ ಕಿತ್ತು, ನೀರು ನೋಡುವ ಆಳಿನ ಕೈಗೆ ಕೊಟ್ಟಳು. ಈಗ ಪ್ರತಿ ಸಲ ನೀರು ಅಳೆದಾಗ ಮಾತ್ರ ಅದು ಹತ್ತುತ್ತದೆ. ನೊಲ್ಬೆರ್ತೊನ ಪದ್ಧತಿಯೂ ಬದಲಾಯಿತು. ಬೂಟು ಬಿಚ್ಚಿ ಒಳಗೆ ಹೋಗಿ ತೊಟ್ಟಿಗೆ ಕೈ ಹಾಕಿ ನೋಡಿಯೇ ಬರೆಯುತ್ತಾನೆ.

ಎಲ್ವಿರಾ ಮನೆಯಿಂದ ಹೊರಗೆ ಬರುವುದನ್ನೇ ಬಿಟ್ಟಳು. ಯಾರೂ ಅವಳನ್ನು ಆಚೆ ಹಾಕಲಿಲ್ಲ. ತಾನೇ ಬಾಗಿಲು ಹಾಕಿಕೊಂಡಳು. ಒಂದು ದಿನ ದೋಣಿ ತೆಗೆದುಕೊಂಡು ಹೋಗಿ ತನ್ನ ಗುಂಡಿನ ದೀಪವನ್ನೂ ಆರಿಸಿ ಬಂದಳು. ಸಂಜೆ ದೋನ್ ಎರಿಬೆರ್ತೊ ಕಿಟಕಿಯ ಬಳಿ ಎಣಿಸುವಾಗ ಆ ಜಾಗಕ್ಕೆ ಬಂದು ನಿಲ್ಲಿಸುತ್ತಿದ್ದರು. ಒಂದು ಮನೆ ಕಡಿಮೆಯಾದ ಕಡಲನ್ನು ನೋಡಲು ನನಗೂ ಆಗುತ್ತಿರಲಿಲ್ಲ. ಕಂಡುಹಿಡಿದದ್ದು ತಪ್ಪಾಯಿತೇನೋ ಎಂದು ಅವರು ಒಮ್ಮೆ ನನ್ನನ್ನು ಕೇಳಿದರು. ಹುಡುಗಿಯ ಮುಖ ನೆನೆಸಿಕೊಳ್ಳಿ ಎಂದೆ.

ಮೂರು ವಾರದ ಮೇಲೆ ಹೊಸ ಮರಿಗಳು ಬಂದವು. ಅವತ್ತು ಸಂಜೆ ನಾನು ಒಲೆಗೆ ಸೌದೆ ಹಾಕುತ್ತಿದ್ದೆ. ದೋನ್ ಎರಿಬೆರ್ತೊ ಎಣಿಸುತ್ತಿದ್ದರು. ಒಯಾರ್ಸುನ್ ಮನೆ ಅಂದರು. ಆಮೇಲೆ ಎಣಿಕೆ ನಿಂತಿತು.

"ರೋಸಾಲ್ಬಾ, ಬಾ ಇಲ್ಲಿ," ಎಂದರು.

ಕಿಟಕಿಯಾಚೆ, ಮಂಜಿನ ಅಂಚಿನಲ್ಲಿ, ಅರ್ಧ ಸೆಕೆಂಡು ಬೆಳಕು ಹತ್ತಿ ಆರಿತು. ನಾವಿಬ್ಬರೂ ಉಸಿರು ಹಿಡಿದು ಎಣಿಸಿದೆವು. ಎರಡೂವರೆ ಕತ್ತಲು. ಮತ್ತೆ ಹತ್ತಿತು. ಆ ದೀಪದ ಪಕ್ಕದಿಂದ ಒಂದು ಚಿಕ್ಕ ದೋಣಿ ದಡದ ಕಡೆ ತಿರುಗುತ್ತಿತ್ತು. ಹುಟ್ಟು ಹಾಕುತ್ತಿದ್ದವಳು ಯಾಸ್ನಾ. ಧರ್ಮತಾಯಿಯ ಜೊತೆ ಅವಳು ಅಲ್ಲಿಯವರೆಗೆ ಒಂದು ಮಾತೂ ಆಡಿರಲಿಲ್ಲ. ದೋಣಿ ನಮ್ಮ ಕಟ್ಟೆಗೆ ಬರಲಿಲ್ಲ. ಎಲ್ವಿರಾಳ ಮನೆಯ ಕೆಳಗಿನ ದಡಕ್ಕೆ ಹೋಗಿ ನಿಂತಿತು.